ಗಾಳಿಚೀಲದ ಕಂಬದ ಬುಡದಲ್ಲಿ

ಮಂಡಕಳ್ಳಿಯ ವಿಮಾನದ ಬಯಲು ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಗಾಳಿ ತುಂಬಿ ಉಬ್ಬಿದ ಕಿತ್ತಳೆ ಬಣ್ಣದ ಬಟ್ಟೆಚೀಲ. ಅದು ಸುಳ್ಳು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿಗೆ ಹೋಗುವ ಹೊತ್ತಿಗೆ ವಿಮಾನ ಬರುವುದು ನಿಂತುಹೋಗಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಪೈಲಟ್‌ಗೆ ತೋರಿಸುವ ಆ ಚೀಲವೂ ಇರಲಿಲ್ಲ. ಇದ್ದದ್ದು ಒಂದು ಕಬ್ಬಿಣದ ಕಂಬ, ಅದರ ತುದಿಯಲ್ಲಿ ತುಕ್ಕು ಹಿಡಿದ ಬಳೆ. ಚೀಲವನ್ನು ನಾನು ಎಲ್ಲಿಂದ ತಂದು ತೊಡಿಸಿದೆನೋ ತಿಳಿಯದು. ಕಂಬ ಮಾತ್ರ ನಿಜ. ಅದರ ಬುಡಕ್ಕೆ ಅಜ್ಜಿ ಹಾಲು ಹುಯ್ಯುತ್ತಿದ್ದರು.

ಅರಸರ ಕಾಲದಲ್ಲಿ ಆ ಬಯಲು ಹೊಲಗಳಾಗಿತ್ತು. ಅದರಲ್ಲೊಂದು ಅಜ್ಜಿಯ ಮಾವನದು. ಅಜ್ಜಿಯ ಚೊಚ್ಚಲ ಮಗು, ಹೆಣ್ಣು, ಹೆಸರಿಡುವ ಮೊದಲೇ ತೀರಿಕೊಂಡಿತು. ಅದು ಹುಟ್ಟಿದಾಗ ಅತ್ತಿತ್ತು ಎಂದು ಅಜ್ಜಿ ಕೆಲವು ಸಲ ಹೇಳುತ್ತಿದ್ದರು. ಕೆಲವು ಸಲ, ಅಳಲೇ ಇಲ್ಲ ಎನ್ನುತ್ತಿದ್ದರು. ಯಾವುದನ್ನು ಬಿಡಬೇಕೋ ತಿಳಿಯದೆ ಎರಡನ್ನೂ ಬರೆಯುತ್ತಿದ್ದೇನೆ. ಬದಲಾಗದೆ ಉಳಿದದ್ದು ಇಷ್ಟು: ಅದು ಮೊಲೆ ಕಚ್ಚಲಿಲ್ಲ. ಹಿತ್ತಾಳೆಯ ಒಳಲೆಯಿಂದ ಬಾಯಿಗೆ ಬಿಟ್ಟ ಹಾಲು ಕಟವಾಯಿಯಲ್ಲಿ ಹೊರಗೆ ಬಂತು.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಹೊಲವಿದ್ದವರು ತಮ್ಮ ಹೊಲದಲ್ಲೇ. ಬಾಣಂತಿ ಕೋಣೆ ಬಿಟ್ಟು ಬರುವಂತಿರಲಿಲ್ಲ. ಮಾವ ಮಗುವನ್ನು ಎತ್ತಿಕೊಂಡು ಹೋದರು, ಬರಿಗೈಯಲ್ಲಿ ಬಂದರು. ಎಲ್ಲಿ ಮಣ್ಣು ಮಾಡಿದಿರಿ ಎಂದು ಅಜ್ಜಿ ಕೇಳಲಿಲ್ಲ. ಹೊಲ ಎಲ್ಲಿಗೆ ಹೋದೀತು ಎಂದುಕೊಂಡರಂತೆ.

ಹೊಲ ಹೋಯಿತು. ಬದುಗಳನ್ನೆಲ್ಲ ಅಳಿಸಿ ನೆಲ ಮಟ್ಟ ಮಾಡಿದರು. ಮೊದಲ ವಿಮಾನ ಇಳಿದ ದಿನ ಸುತ್ತಲಿನ ಹಳ್ಳಿಯವರು ತೆಂಗಿನಕಾಯಿ, ಕರ್ಪೂರ ಹಿಡಿದು ಓಡಿದರಂತೆ.

“ಎಲ್ರೂ ಮ್ಯಾಕ್ಕೆ ನೋಡ್ತಿದ್ರು ಕಣಮ್ಮಿ, ನಾನು ಚಕ್ರ ನೋಡ್ತಿದ್ದೆ,” ಎನ್ನುತ್ತಿದ್ದರು ಅಜ್ಜಿ.

ಅಂದು ಮನೆಗೆ ಬಂದ ಮೇಲೆ, ಯಾರೂ ಕೇಳದಿದ್ದರೂ, ಮಾವನೇ ಹೇಳಿದರು: ಚಕ್ರ ಉರುಳುವ ಕಡೆ ಅಲ್ಲ, ಅವಳು ಪಕ್ಕದಲ್ಲಿ ಚೀಲದ ಕಂಬದ ಬುಡದಲ್ಲಿದ್ದಾಳೆ, ಅಲ್ಲಿಗೆ ಯಾವುದೂ ಬರುವುದಿಲ್ಲ. ಅಜ್ಜಿಯ ಹತ್ತಿರ ಇದ್ದದ್ದು ಆ ಒಂದು ಮಾತು.

ಹಿರಿಯರ ಹಬ್ಬದಲ್ಲಿ ತಾತನಿಗೆ, ಮಾವನಿಗೆ ಮನೆಯೊಳಗೆ ಎಡೆ ಇಡುತ್ತಿದ್ದೆವು. ಹಲ್ಲು ಬರದ ಮಕ್ಕಳಿಗೆ ಎಡೆಯಿಲ್ಲ. ಅದಕ್ಕೇ, ವಿಮಾನ ನಿಂತು ಬಯಲಿನೊಳಗೆ ಜನರನ್ನು ಬಿಡತೊಡಗಿದ ವರ್ಷದಿಂದ, ಎಲ್ಲ ಮುಗಿದ ಮೇಲೆ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಹಾಲು ತುಂಬಿ, ಒಳಲೆಯನ್ನು ಸೆರಗಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ನಾನು ಸ್ಕೂಟರ್ ಕಲಿತ ಮೇಲೆ ಶ್ರೀರಾಂಪುರದ ಮನೆಯಿಂದ ಅವರನ್ನು ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಕಲಿತದ್ದೂ ಆ ರನ್‌ವೇ ಮೇಲೆಯೇ. ಬಿರುಕು ಬಿಟ್ಟ ಟಾರಿನ ಮೇಲೆ ಡ್ರೈವಿಂಗ್ ಸ್ಕೂಲಿನ ಕಾರುಗಳು ಕುಂಟುತ್ತಿದ್ದವು, ಹಸುಗಳು ಅಡ್ಡ ಬರುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಡ್ಡ ಕೂತ ಅಜ್ಜಿಯನ್ನು ಕಂಡು ಕಾರು ಕಲಿಸುವವನೊಬ್ಬ ಕೂಗಿದ:

“ಅಜ್ಜೀ, ನೀವೂ ಒಂದು ಲೈಸೆನ್ಸ್ ಮಾಡಿಸ್ಬುಡಿ!”

“ನಂಗ್ಯಾಕಪ್ಪಾ? ನಾನು ಹೋಗೋ ಕಡೀಕೆ ನಾಕ್ ಜನ ಹೊತ್ಕೊಂಡೋಯ್ತಾರೆ.”

ಅವನು ನಕ್ಕ. ಅಜ್ಜಿ ನಗಲಿಲ್ಲ. ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಳಲೆಗೆ ಹಾಲು ಬಗ್ಗಿಸಿ, ಮಗುವಿನ ಬಾಯಿಗೆ ಬಿಡುವಷ್ಟೇ ನಿಧಾನವಾಗಿ ಮಣ್ಣಿಗೆ ಬಿಟ್ಟರು. ಮಣ್ಣು ಕುಡಿಯುವವರೆಗೆ ಕಾದು ಮತ್ತೆ ಬಿಟ್ಟರು. ಇದು ಒಂದು ವರ್ಷದ ಚಿತ್ರವೋ, ಹಲವು ವರ್ಷಗಳು ಸೇರಿಕೊಂಡ ಚಿತ್ರವೋ ಬಿಡಿಸಲಾರೆ.

ಎರಡು ಸಾವಿರದ ದಶಕದ ನಡುವೆ ಅಲ್ಲಿ ಮತ್ತೆ ವಿಮಾನ ಇಳಿಸುವ ಕೆಲಸ ಶುರುವಾಯಿತು. ಆ ವರ್ಷದ ಹಬ್ಬದಲ್ಲಿ ಹೋದಾಗ ಒಬ್ಬ ಕಾವಲುಗಾರ ತಡೆದ. ಪಕ್ಕದ ಹಳ್ಳಿಯವನು. ಅಜ್ಜಿಯ ಮುಖ ನೋಡಿ, “ಬೇಗ ಬಂದ್ಬುಡಿ” ಎಂದು ಬಿಟ್ಟ. ಅಜ್ಜಿ ಕಂಬದ ಬುಡಕ್ಕೆ ಹಾಲನ್ನೆಲ್ಲ ಹುಯ್ದು ಮುಗಿಸಿದರು. ವಾಪಸು ಬರುವಾಗ, ರನ್‌ವೇಯ ಈಚೆ ಬದಿಯಲ್ಲಿ ಜೆಸಿಬಿ ಹುಲ್ಲು ಕೆರೆದ ಕಡೆ, ಸಿಮೆಂಟಿನ ಒಂದು ಕಟ್ಟೆ ಮೇಲೆದ್ದಿತ್ತು. ಅದರ ತುಂಬ ಕೊಯ್ದು ಹಾಕಿದ ಬೋಲ್ಟುಗಳ ಮೊಂಡು. ಅಜ್ಜಿ ನಿಂತರು.

“ಇದೇನಪ್ಪಾ?”

“ಹಳೇ ಕಂಬದ ಬುಡ ಕಣಜ್ಜಿ,” ಎಂದ ನಮ್ಮನ್ನು ಹೊರಡಿಸಲು ಹಿಂದೆಯೇ ಬಂದಿದ್ದ ಕಾವಲುಗಾರ. “ಮೊದ್ಲು ಚೀಲ ಇಲ್ಲೇ ಹಾರ್ತಿತ್ತಂತೆ. ಬಿರ್ಗಾಳೀಲಿ ಬಿದ್ದೋಯ್ತು. ಆಮ್ಯಾಕೆ ಆ ಕಡೆ ನಿಲ್ಸಿದ್ರು.”

“ಯಾವಾಗ?”

“ನಾನ್ ಹುಟ್ಟಕ್ ಮುಂಚೆ. ನಮ್ಮಪ್ಪ ಹೇಳೋನು.”

“ನಮ್ಮಾವ ಆ ಮಾತು ಹೇಳಕ್ ಮುಂಚೆನೋ, ಆದ್ಮೇಲೋ?”

“ನಿಮ್ಮಾವ ಯಾರಜ್ಜಿ?”

ಅಜ್ಜಿ ಕಟ್ಟೆಯ ಮೇಲೆ ಕೂತುಬಿಟ್ಟರು. ಅಲ್ಲಿಂದ ಆಚೆ ಬದಿಯ ಕಂಬ ಸಣ್ಣದಾಗಿ ಕಾಣುತ್ತಿತ್ತು.

“ಅಂಗಾರೆ ಇಷ್ಟ್ ವರ್ಷ ಆ ಹಾಲ್ನ ಯಾರ್ ಕುಡುದ್ರಮ್ಮಿ?”

ಡಬ್ಬಿಯನ್ನು ಕಟ್ಟೆಯ ಬುಡಕ್ಕೆ ಬೋರಲು ಹಿಡಿದು ಅಲ್ಲಾಡಿಸಿದರು. ಏನೂ ಬರಲಿಲ್ಲ. ನಾಳೆ ಬರೋಣ ಎಂದೆ. ನಾಳೆ ಸಾಹೇಬ್ರು ಬತ್ತಾರೆ, ಯಾರ್ನೂ ಬುಡಕ್ಕಿಲ್ಲ ಎಂದ ಕಾವಲುಗಾರ. ಅವನ ದನಿಯಲ್ಲಿ ಕಠೋರತೆ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರು ವರ್ಷ ಬೇಲಿ ಬಂದಿತ್ತು. ಕಂಬವೂ ಇಲ್ಲ, ಕಟ್ಟೆಯೂ ಇಲ್ಲ. ಕೆಂಪು ಮಣ್ಣು ಒಂದೇ ಸಮನಾಗಿ ಹರಡಿತ್ತು. ಅಂದು ತುಂತುರು ಮಳೆಯಿತ್ತು ಎಂದು ನನ್ನ ನೆನಪು; ಆದರೆ ಹಾಲು ಒಡೆದದ್ದೂ ನೆನಪಿದೆ, ಹಾಗಾಗಿ ಬಿಸಿಲೇ ಇದ್ದಿರಬೇಕು. ಅಜ್ಜಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ತಂತಿಯ ಸಂದಿಯಿಂದ ನೋಡಿದರು.

“ಆ ಕಡೆ ಯಾವ್ದು, ಈ ಕಡೆ ಯಾವ್ದು, ತೋರ್ಸು.”

ನಾನು ಕೈ ಎತ್ತಿ ತೋರಿಸಿದೆ. ಸರಿಯಾಗಿ ತೋರಿಸಿದೆನೆಂಬ ನಂಬಿಕೆ ನನಗೇ ಇರಲಿಲ್ಲ.

“ಮಾವ ನನ್ ಸಮಾಧಾನಕ್ ಹೇಳುದ್ರೋ ಏನೋ,” ಎಂದರು ಅಜ್ಜಿ. “ಟಾರಿನ್ ಕೆಳೀಕೇ ಅವ್ಳೋ ಏನೋ.”

ಇಲ್ಲೇ ಬೇಲಿಯ ಹತ್ತಿರ ಹುಯ್ದರಾಯಿತು, ಭೂಮಿ ಒಂದೇ ಅಲ್ಲವೇ ಅಜ್ಜಿ, ಎಂದೆ.

“ಬ್ಯಾಡ ಬುಡು. ಒಂದ್ಸಲ ಇನ್ಯಾರ್ಗೋ ಕುಡ್ಸುದ್ದಾಯ್ತು.”

ಮುಚ್ಚಳ ತೆಗೆಯದೆ ಡಬ್ಬಿಯನ್ನು ಮನೆಗೆ ತಂದರು. ಅಮ್ಮ ಅದನ್ನು ತೆರೆದು ಮೂಸಿ ನೋಡಿ, ಒಡೆದಿದೆ ಎಂದು ಬಚ್ಚಲಿಗೆ ಸುರಿದರು. ಅಜ್ಜಿ ತಡೆಯಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬಳಸದ ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಅಲ್ಲೇ ಕೂತರು.