ಗಡುವಿನ ಪಿಳ್ಳಪ್ಪ
ನಯಾಪೈಸೆ ಬಂದ ಹೊಸತರಲ್ಲಿ, ಯಶವಂತಪುರದಲ್ಲಿ ಹಳೇ ಲಾರಿಯೊಂದು ಕೈ ಬದಲಾಯಿಸಿತೆಂದರೆ ಸಾಕು, ದಲ್ಲಾಳಿ ಪಿಳ್ಳಪ್ಪನವರಿಗೆ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಪಂಚೆ ಎತ್ತಿಕಟ್ಟಿ, ಸೈಕಲ್ ಏರಿ, ಕೊಂಡವನ ಬಾಗಿಲಿಗೇ ಹಾಜರು: "ಲಾರಿ ಕಾಗದದಲ್ಲಿ ಹೆಸ್ರು ಬದಲಾಯಿಸ್ಕೊಂಡ್ರಾ? ಗಡುವು ದಾಟಿದ್ರೆ ಫೀಜಿನ ಜೊತೆ ದಂಡಾನೂ ಕಟ್ಬೇಕು ಕಣ್ರೀ, ಏಳ್ರೀ ಮೇಲೆ!" ಉಣ್ಣುತ್ತಿದ್ದವನನ್ನು ಎಂಜಲುಗೈಯಲ್ಲೇ ಎಬ್ಬಿಸಿ, ಮಾರಿದವನನ್ನು ಮದುವೆ ಚಪ್ಪರದಿಂದ ಎಳೆತಂದು, ಇಬ್ಬರ ರುಜುವೂ ಬಿದ್ದ ಮೇಲೆಯೇ ಪಿಳ್ಳಪ್ಪನವರಿಗೆ ಕಾಫಿ ರುಚಿಸುತ್ತಿದ್ದುದು. "ಸತ್ತೋರ ಹೆಸ್ರಲ್ಲಿ ಗಾಡಿ ಇರಬಾರ್ದು, ನಾಳೇನೇ ಬದಲಾಯ್ಸಿ!" ಎಂದು ತಿಥಿಯೂಟದ ಪಂಕ್ತಿಯಲ್ಲೂ ಕೂಗಿದ ಮಹಾನುಭಾವರು. ಆದರೆ ಹೆಂಡತಿ ಗೌರಮ್ಮ ಒಡವೆ ಮಾರಿ ಕೊಂಡಿದ್ದ ವ್ಯಾನು, ಆಕೆ ತೀರಿಕೊಂಡು ವರ್ಷಗಳಾದರೂ ಆಕೆಯ ಹೆಸರಿನಲ್ಲೇ ಇತ್ತು. ಯಾರಾದರೂ ನೆನಪಿಸಿದರೆ, ಅದರ ಬಾಗಿಲ ಧೂಳನ್ನು ಪಂಚೆಯಂಚಿನಿಂದ ಮೆಲ್ಲಗೆ ಒರೆಸುತ್ತಾ ಅನ್ನುತ್ತಿದ್ದರು: "ಅದಕ್ಕೇನ್ ಅವಸರ, ಮಾಡಿಸಿದ್ರಾಯ್ತು ಬಿಡ್ರೀ."