ಗೋಡೆಯ ಈಚೆ ಮಸೀದಿ, ಆಚೆ ಮಗಳು

ಬೆಳಗಿನ ನಮಾಜು ಮುಗಿಸಿದ ಗಂಡಸರು ಚಪ್ಪಲಿ ಮೆಟ್ಟಿಕೊಂಡು ಮನೆಗಳ ಕಡೆ ಹೊರಟಿದ್ದಾರೆ. ಅವರ ಹೆಜ್ಜೆ ಮೂಡಿದ ಮರಳನ್ನು ಸಮಮಾಡುತ್ತ ಹಿಂದಿನಿಂದಲೇ ಒಂದು ಕಡ್ಡಿ ಪೊರಕೆ ಬರುತ್ತಿದೆ. ಪೊರಕೆ ಹಿಡಿದ ಶಫೀಗಾ ಒಮ್ಮೆ ಬಾಗಿದರೆಂದರೆ ಅಂಗಳ ಮುಗಿಯುವ ತನಕ ಸೊಂಟ ಎತ್ತುವುದಿಲ್ಲ. ಹವಳಗಲ್ಲಿನ ಮಸೀದಿಯ ಬುಡ, ಬಾವಿಕಟ್ಟೆ, ಹಳೆಯ ಗೋರಿಕಲ್ಲುಗಳ ನಡುವಿನ ಸಂದುಗೊಂದು, ಎಲ್ಲೆಲ್ಲೂ ದೀವಿಹಲಸಿನ ಎಲೆ ಬಿದ್ದಿದೆ. ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ, ಕೊನೆಗೆ ಅವರು ಹೊಸ ತಡೆಗೋಡೆಯ ಹತ್ತಿರ ಬರುತ್ತಾರೆ. ಎದೆಮಟ್ಟದ ಸಿಮೆಂಟು ಗೋಡೆ. ಆಚೆ ಸಮುದ್ರ ತಟ್ಟುತ್ತಿದೆ. ಅಲ್ಲಿ ಪೊರಕೆ ನಿಧಾನವಾಗುತ್ತದೆ.

"ದತ್ತಾ, ಆ ಗೋಡೆ ಬುಡಾನ ಇನ್ನೂ ಎಷ್ಟು ಸಲ ಗುಡಿಸ್ತೀಯ? ಸಿಮೆಂಟು ಸವೆದು ಹೋದೀತು!" ಬೀದಿ ಗುಡಿಸುವ ಜರೀನಾ ಕೂಗುತ್ತಾರೆ. ಫೆಹಿದೂ ದ್ವೀಪದಲ್ಲಿ ಶಫೀಗಾಗಿಂತ ಚಿಕ್ಕವರೆಲ್ಲರಿಗೂ ಅವರು ದತ್ತಾ, ಅಂದರೆ ಅಕ್ಕ.

"ಸವೆದ್ರೆ ಸವೀಲಿ ಬಿಡು. ನೀನು ನಿನ್ನ ಬೀದಿ ನೋಡ್ಕೋ. ಕಸ ಎಲ್ಲ ಕೌನ್ಸಿಲ್ ಆಫೀಸಿನ ಬಾಗಿಲಿಗೆ ತಳ್ಳಿದ್ದೀಯ."

"ಬೇಕಂತಲೇ ತಳ್ಳಿದ್ದು. ಅವ್ರಿಗೂ ಒಂದಿಷ್ಟು ಕೆಲ್ಸ ಇರ್ಲಿ!"

ಶಫೀಗಾ ನಗುವುದಿಲ್ಲ. ಮೊದಲು ಈ ಹೊತ್ತಿಗೆ ಬೀದಿಯ ತುದಿಗೆ ಕೇಳುವ ಹಾಗೆ ನಗುತ್ತಿದ್ದರಂತೆ. ಜರೀನಾ ಮಾತ್ರ ದಿನಾ ಒಂದು ತಮಾಷೆ ಎಸೆದು ನೋಡುವುದನ್ನು ಬಿಟ್ಟಿಲ್ಲ.

ಪಕ್ಕದ ದ್ವೀಪದಿಂದ ಮದುವೆಯಾಗಿ ಬಂದಾಗ ಶಫೀಗಾಗೆ ಇನ್ನೂ ಮೀಸೆ ಮೂಡದ ವಯಸ್ಸಿನ ಮೈದುನರು ಮೂವರು, ಕಾಯಿಲೆಯ ಅತ್ತೆ. ಗಂಡ ಮಣಿಕು ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿದ್ದರು. ಮಸೀದಿಯ ಅಂಗಳ ಗುಡಿಸುವುದು ಅತ್ತೆಯ ಕೆಲಸವಾಗಿತ್ತು. ಅತ್ತೆ ಏಳಲಾರದೇ ಹೋದ ದಿನ ಪೊರಕೆ ಸೊಸೆಯ ಕೈಗೆ ಬಂತು. ಮೀನು ಬೇಯಿಸಿ ಒಣಗಿಸುವುದು, ಹಗ್ಗಕ್ಕೆ ತೆಂಗಿನ ನಾರು ಹೊಸೆಯುವುದು, ಮನೆಗೆಲಸ ಎಲ್ಲ ಇದರ ಮೇಲೆ. ಕೌನ್ಸಿಲ್ ಕೊಡುವ ಸಂಬಳ ಅಕ್ಕಿ, ಹಿಟ್ಟಿಗೆ ಆಗುತ್ತದೆ. ಇಷ್ಟು ವರ್ಷ ಸುತ್ತಲೂ ಗುಡಿಸಿದ ಮಸೀದಿಯ ಒಳಗೆ ಅವರು ಕಾಲಿಟ್ಟಿಲ್ಲ. ಹೆಂಗಸರ ನಮಾಜಿಗೆ ಬೇರೆ ಜಾಗವಿದೆ.

ಮದುವೆಯಾದ ಮೂರನೇ ವರ್ಷ ಹೆಣ್ಣುಮಗು ಹುಟ್ಟಿತು. ಶೀಮಾ ಎಂದು ಹೆಸರಿಟ್ಟರು. ಅಂಬೆಗಾಲಿಡುವ ಹೊತ್ತಿಗೆ ಜ್ವರ ಬಂತು. ಪಡುವಣ ಮಳೆಗಾಳಿಯ ಕಾಲ, ಆಸ್ಪತ್ರೆಯಿರುವ ದ್ವೀಪಕ್ಕೆ ಯಾವ ದೋಣಿಯೂ ಹೊರಡುವಂತಿರಲಿಲ್ಲ. ಮಣಿಕು ಎರಡು ಸಲ ದೋಣಿ ನೀರಿಗೆ ತಳ್ಳಿ ನೋಡಿದರು. ಎರಡು ಸಲವೂ ಅಲೆ ಅದನ್ನು ಅಡ್ಡ ಮಲಗಿಸಿತು. ಗಾಳಿ ನಿಂತಾಗ ಮಗುವಿನ ಉಸಿರೂ ನಿಂತಿತ್ತು. ಮಸೀದಿಯ ಹಿಂದೆ, ಸಮುದ್ರದ ಕಡೆಯ ಮರಳಿನಲ್ಲಿ ಹೂಳಿ, ತಲೆ ಕಡೆ ಒಂದು, ಕಾಲು ಕಡೆ ಒಂದು ಹವಳದ ಕಲ್ಲು ನೆಟ್ಟರು. ಕೆತ್ತನೆ ಇಲ್ಲ, ಹೆಸರಿಲ್ಲ. ಹೆಣ್ಣೆಂದು ತಿಳಿಯಲಿ ಎಂದು ಮಣಿಕು ತಲೆಗಲ್ಲಿನ ನೆತ್ತಿಯನ್ನು ಉಜ್ಜಿ ಉರುಟು ಮಾಡಿದ್ದರು.

"ಆಮೇಲೆ ಇಬ್ಬರು ಗಂಡುಮಕ್ಕಳಾದ್ರು. ಬೆಳೆದು ರಾಜಧಾನಿ ಮಾಲೆಗೆ ಹೋದ್ರು, ಚೆನ್ನಾಗಿದ್ದಾರೆ. ಫೋನು ಮಾಡ್ತಾರೆ," ಎನ್ನುತ್ತಾರೆ ಶಫೀಗಾ. "ದಿನಾ ಬೆಳಿಗ್ಗೆ ಹೋಗಿ ನೋಡ್ಬಹುದು ಅಂತಿದ್ದದ್ದು ಇವಳನ್ನ ಮಾತ್ರ."

ಕೆಲವು ವರ್ಷಗಳ ಹಿಂದೆ ಸರ್ಕಾರ ಒಂದು ಅಂತಾರಾಷ್ಟ್ರೀಯ ಸಂಸ್ಕೃತಿ ಸಂಸ್ಥೆಯ ಜೊತೆ ಸೇರಿ ಇಂಥ ಹವಳಗಲ್ಲಿನ ಮಸೀದಿಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿತು. ಮಾಲೆಯಿಂದ ಅಧಿಕಾರಿ ನಾಜಿಮ್ ಬಂದರು. ಸಂಸ್ಥೆಯ ಕಡೆಯಿಂದ ಹೆಲೆನಾ ಎಂಬ ತಜ್ಞೆ ಬಂದರು. ಕಲ್ಲುಗಳ ಬಿರುಕಿಗೆ ಮದ್ದಾಯಿತು, ಮರದ ಮೇಲಿನ ಅರಗಿನ ಬಣ್ಣಕ್ಕೆ ಮೊದಲಿನ ಹೊಳಪು ಬಂತು, ಊರಿನ ಹುಡುಗರು ಕಲ್ಲುಗೆಲಸ ಕಲಿತರು. ಇಡೀ ಫೆಹಿದೂ ಹಿಗ್ಗಿತು. ಉಳಿದದ್ದು ಸಮುದ್ರ. ಪ್ರತಿ ಮಳೆಗಾಲವೂ ಅದು ಸ್ಮಶಾನವನ್ನು ಅಂಚಿನಿಂದ ಕಚ್ಚುತ್ತಿತ್ತು. ಅದಕ್ಕೇ ತಡೆಗೋಡೆ.

ಗೋಡೆ ಬರುವ ಜಾಗಕ್ಕೆ ಕೆಂಪು ಹಗ್ಗ ಕಟ್ಟಿದ ಬೆಳಿಗ್ಗೆ ಶಫೀಗಾ ಪೊರಕೆ ಹಿಡಿದೇ ನಿಂತಿದ್ದರು. ಸುಲ್ತಾನರ ಕಾಲದ ಕೆತ್ತನೆಯ ಕಲ್ಲುಗಳೆಲ್ಲ ಹಗ್ಗದ ಒಳಗಿದ್ದವು. ಶೀಮಾಳ ಕಲ್ಲು ಹೊರಗಿತ್ತು.

"ಹಗ್ಗ ಒಂಚೂರು ಆ ಕಡೆ ಹಾಕೋಕಾಗಲ್ವಾ ಮಗಾ?" ಎಂದು ಅವರು ನಾಜಿಮ್ ಅವರನ್ನು ಕೇಳಿದರು.

ನಾಜಿಮ್ ಅದನ್ನು ಹೆಲೆನಾಗೆ ತಿಳಿಸಿದರು. ಹೆಲೆನಾ ಗೂಟ ಕಿತ್ತು, ಹಗ್ಗ ಎಳೆದುಕೊಂಡು ಹೋಗಿ ಮಗುವಿನ ಗೋರಿಯ ಆಚೆ ನಿಂತರು. ಎಂಜಿನಿಯರನ್ನು ಕರೆದರು. ಆತ ಕಬ್ಬಿಣದ ಸರಳನ್ನು ಅಲ್ಲಿ ಒತ್ತಿದ. ಕೈ ಬಿಟ್ಟದ್ದೇ ತಡ, ಸರಳು ತಾನಾಗಿ ಮರಳೊಳಗೆ ಇಳಿಯಿತು. ಕೆಳಗೆಲ್ಲ ನೀರು ಕೊರೆದು ಟೊಳ್ಳಾಗಿತ್ತು. ಅಲ್ಲಿ ಪಾಯ ಹಾಕಿದರೆ ಗೋಡೆ ನಿಲ್ಲುವುದಿಲ್ಲ, ಗೋಡೆ ಬಿದ್ದರೆ ಮಸೀದಿಯೂ ನಿಲ್ಲುವುದಿಲ್ಲ.

"ಆಗಲ್ಲ ದತ್ತಾ," ಎಂದರು ನಾಜಿಮ್. ಹೆಲೆನಾ ಗೂಟವನ್ನು ಮೊದಲಿನ ಜಾಗಕ್ಕೇ ಹೊಡೆದರು. ಹಾಗೆ ಹೊಡೆಯುವಾಗ ಆಕೆಯ ಕಣ್ಣು ಒದ್ದೆಯಾಗಿದ್ದನ್ನು ಕಂಡೆ ಎನ್ನುತ್ತಾರೆ ಶಫೀಗಾ. "ಅವ್ಳ ಮೇಲೆ ಸಿಟ್ಟಿಲ್ಲ. ಕೇಳಿದ ತಕ್ಷಣ ಎದ್ದು ನೋಡಿದ್ಲಲ್ಲ."

ಹಗ್ಗದ ಹೊರಗೆ ಉಳಿದ ಗೋರಿಗಳನ್ನು ಬೇರೆ ಕಡೆ ಸಾಗಿಸಲು ನ್ಯಾಯಾಲಯ ಒಪ್ಪಿತು. ಶಾಲೆಯ ಹಿಂದೆ ಜಾಗ ಕೊಟ್ಟರು. ಮಣಿಕು ಮಾಲೆಗೆ ಹೋಗಿ ಹೊಸ ಬಿಳಿ ಬಟ್ಟೆ ತಂದರು. ಮಗುವಿನ ಅಳತೆಗೆ ಸಾಕಾಗುವಷ್ಟು. ಮಸೀದಿಯಲ್ಲಿ ಬಾಂಗು ಕೂಗುವ ಮುದಿಮು ಪ್ರಾರ್ಥನೆ ಓದಿ, ತಾವೇ ಮಂಡಿಯೂರಿ ಕೈಯಿಂದ ಮರಳು ತೆಗೆಯತೊಡಗಿದರು. ಮೊಣಕೈ ಆಳಕ್ಕೆ ನೀರು ಒಸರಿತು. ಇನ್ನೂ ತೋಡಿದರು. ಏನೂ ಸಿಗಲಿಲ್ಲ. ಅಕ್ಕಪಕ್ಕ ಬಗೆದರು. ಬರೀ ಮರಳು, ಬರೀ ನೀರು.

"ಒಂದು ಹಿಡಿ ಮರಳನ್ನೇ ಬಟ್ಟೇಲಿ ಕಟ್ಕೊಂಡು ಹೋಗೋಣ," ಎಂದರು ಮಣಿಕು.

"ಬೇಡ," ಎಂದರು ಶಫೀಗಾ. "ಮರಳಿಗೆ ಅವಳ ಹೆಸರು ಇಡೋದು ಬೇಡ. ಇಲ್ಲಿದ್ದಾಳೆ ಅಂದ್ಕೊಂಡೇ ಇದ್ದೆವಲ್ಲ, ಇಲ್ಲೇ ಇರ್ಲಿ."

ಬಟ್ಟೆಯನ್ನು ಗುಂಡಿಯೊಳಗೆ ಹಾಸಿ ಮರಳು ಮುಚ್ಚಿದರು. ಕಲ್ಲುಗಳನ್ನು ಮತ್ತೆ ನೆಟ್ಟರು. ಮನೆಯಲ್ಲಿ ಕೂತು ಶಫೀಗಾ ಅದನ್ನು ಹೇಳುವಾಗ ಮಣಿಕು ಎದ್ದು ಹೊರಗೆ ಹೋಗುತ್ತಾರೆ. ಗಂಡ ಹೋದ ಬಾಗಿಲನ್ನು ಶಫೀಗಾ ನೋಡುತ್ತಾರೆ. "ಅವ್ರು ಈಗ್ಲೂ ಅಂತಾರೆ, ಇನ್ನೊಂಚೂರು ತೋಡ್ಬೇಕಿತ್ತು ಅಂತ."

ಗೋಡೆ ಮುಗಿದಾಗ ದೊಡ್ಡ ಸಮಾರಂಭವಾಯಿತು. ಮಾಲೆಯಿಂದ ಮಂತ್ರಿ, ಹೊರದೇಶದ ಅತಿಥಿಗಳು, ಬೊಡುಬೆರು ಡೋಲು. ಅಂಗಳ ಗುಡಿಸಿ ಹೊಸ ಬಿಳಿ ಮರಳು ಹರಡಿದವರು ಶಫೀಗಾ. ಭಾಷಣಗಳು ನಡೆಯುವಾಗ ಅವರು ಶಾಲೆಯ ಅಡುಗೆಮನೆಯಲ್ಲಿ ಅತಿಥಿಗಳಿಗೆಂದು ಮೀನಿನ ಕಡುಬು ಕರಿಯುತ್ತಿದ್ದರು. ಸರ್ಕಾರಕ್ಕೆ, ಸಂಸ್ಥೆಗೆ, ಕೌನ್ಸಿಲ್‌ಗೆ, ಫೆಹಿದೂ ಜನತೆಗೆ ವಂದನೆ ಸಲ್ಲಿಸಿದ್ದು ಮೈಕಿನಲ್ಲಿ ಅಡುಗೆಮನೆಗೂ ಕೇಳಿತು.

ಅದೇ ವರ್ಷದ ಮಳೆಗಾಲದಲ್ಲಿ ಸಮುದ್ರ ಗೋಡೆಯ ತನಕ ಬಂದು ನಿಂತಿತು. ಮಸೀದಿಗೆ ಒಂದು ಹನಿ ತಾಗಲಿಲ್ಲ. ಒಂದು ಬೆಳಿಗ್ಗೆ ಶಫೀಗಾ ಗೋಡೆಯ ಮೇಲಿಂದ ಬಗ್ಗಿ ನೋಡಿದಾಗ ಕಲ್ಲುಗಳಿರಲಿಲ್ಲ. ಅಲ್ಲೇ ನಿಂತಿದ್ದವರನ್ನು ಜರೀನಾ ಬಂದು ಭುಜ ಹಿಡಿದು ಮನೆಗೆ ಕರೆದೊಯ್ದರು. ಅಂಗಳವನ್ನು ಅವತ್ತು ಜರೀನಾ ಗುಡಿಸಿದರು. ಮಾರನೇ ದಿನ ಶಫೀಗಾ ಮತ್ತೆ ಬಂದರು.

ಬೇಜಾರಿಲ್ಲವೇ ಎಂದು ನಾನು ಕೇಳಿದರೆ ಅವರು ಗುಡಿಸುತ್ತಲೇ ಹೇಳುತ್ತಾರೆ. "ಇದೆ. ಯಾಕಿರಲ್ಲ? ಆದ್ರೆ ಮಸೀದಿದೇನು ತಪ್ಪು. ಅದಾದ್ರೂ ಉಳೀತಲ್ಲ. ಅದೂ ಹೋಗಿದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?"

ಅವರಿಗೆ ಈಗ ಒಂದೇ ಬೇಡಿಕೆ. ನಾಜಿಮ್ ಬಂದಾಗ ಹೇಳಿದ್ದಾರೆ. ಅವರು ಮೇಲಿನವರಿಗೆ ತಿಳಿಸಿದ್ದಾರಂತೆ, ಉತ್ತರ ಬಂದಿಲ್ಲವಂತೆ. ಅದನ್ನು ಹೇಳುವಾಗ ಶಫೀಗಾ ಮೊದಲ ಸಲ ಸೊಂಟ ನೆಟ್ಟಗೆ ಮಾಡಿ ಗೋಡೆಗೆ ಕೈಯೂರಿ ನಿಲ್ಲುತ್ತಾರೆ.

"ಆ ಕಡೆಗೆ ನಾಲ್ಕು ಮೆಟ್ಟಿಲು ಇಟ್ಟುಕೊಟ್ರೆ ಸಾಕು. ನೀರು ಇಳಿದಾಗ ಹೋಗಿ ಒಂದು ಗಳಿಗೆ ನಿಂತು ಬರ್ತೀನಿ. ಮಾಡೋದಾದ್ರೆ ಬೇಗ ಮಾಡ್ಲಿ ಅಂತ ಬರೀರಿ. ನನ್ನ ಮಂಡಿ ಈಗ್ಲೇ ಮಾತು ಕೇಳ್ತಿಲ್ಲ."