ಕೆರೆಯ ಚಿತ್ರಕ್ಕೆ ನಾನು ಹಾಕಿದ ಕಪ್ಪು

ಊರು ಬಿಟ್ಟು ಬಂದು ಈ ಪರದೇಶದ ಬ್ರಿಕ್‌ಫೀಲ್ಡ್ಸ್ ಪೇಟೆಯ ಗಲ್ಲಿಯೊಂದರಲ್ಲಿ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದೆ, ಪಟಗಳಿಗೆ ಚೌಕಟ್ಟು ಹಾಕಿದೆ. ಆ ಕೆಲಸ ನನ್ನನ್ನು ಅಷ್ಟು ದಣಿಸಲಿಲ್ಲ. ಹೇಳದೆ ಉಳಿಸಿಕೊಂಡ ಒಂದು ಮಾತು ದಣಿಸಿತು.

ನನಗೊಬ್ಬ ಚಿತ್ರಕಾರ ಗೆಳೆಯನಿದ್ದ, ಮಂಗಳೂರಿನ ಕಡೆಯವನು. ಭಾನುವಾರ ಬೆಳಗಾದರೆ ಸುಬಾಂಗ್ ಜಯಾ ಎಂಬ ಬಡಾವಣೆಯ ಒಂದು ಕೆರೆಯ ದಡದಲ್ಲಿ ಕೂತು ಅದೇ ನೀರನ್ನು, ಅದೇ ಮರಗಳನ್ನು ಬರೆಯುತ್ತಿದ್ದ. ಬಿಸಿಲು ತಿರುಗುವುದರೊಳಗೆ ಮುಗಿಯಬೇಕು. ಗೆರೆ ಎಳೆಯುತ್ತಿರಲಿಲ್ಲ, ಹಸಿ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಪಕ್ಕಪಕ್ಕ ಇಡುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವೇ ಇರಲಿಲ್ಲ.

"ನೆರಳನ್ನು ಸರಿಯಾಗಿ ನೋಡು ಮಾರಾಯ. ನೀಲಿ ಉಂಟು, ನೇರಳೆ ಉಂಟು. ಕಪ್ಪು ಎಲ್ಲುಂಟು?" ಎನ್ನುತ್ತಿದ್ದ.

"ಕಪ್ಪಿಲ್ಲದೆ ಬೋರ್ಡು ಬರೆದ್ರೆ ಯಾರ ಕಣ್ಣಿಗೂ ಕಾಣಲ್ಲಪ್ಪ" ಎಂದರೆ ನಗುತ್ತಿದ್ದ. ನಾನು ಹಿಂದೆ ನಿಂತು ಕ್ಯಾನ್ವಾಸಿಗೆ ಕೊಡೆ ಹಿಡಿಯುತ್ತಿದ್ದೆ.

ಪುಚೊಂಗ್‌ನಲ್ಲಿ ಹೊಸ ಮನೆ ಮಾಡಿದ ಹೆಂಗಸೊಬ್ಬಳು ಅವನ ಒಂದು ಚಿತ್ರ ಕೊಂಡು, ಚೌಕಟ್ಟಿಗೆಂದು ನನ್ನ ಅಂಗಡಿಗೆ ತಂದಳು. "ಅಂಕಲ್, ಹತ್ರದಿಂದ ನೋಡಿದ್ರೆ ಮರ ಯಾವ್ದು ನೀರು ಯಾವ್ದು ಗೊತ್ತೇ ಆಗಲ್ಲ. ಸ್ವಲ್ಪ ಕ್ಲಿಯರ್ ಮಾಡಿಕೊಡಿ ಲಾ" ಎಂದಳು, ಇಲ್ಲಿನವರ ಧಾಟಿಯಲ್ಲಿ. ಅವನನ್ನು ಕೇಳಬೇಕಿತ್ತು. ಕೇಳಲಿಲ್ಲ. ಬೋರ್ಡಿನ ಕುಂಚ ಎತ್ತಿಕೊಂಡು ಮರಗಳಿಗೆಲ್ಲ ಕಪ್ಪು ಅಂಚು ಕಟ್ಟಿದೆ. ನಿಜ ಹೇಳಬೇಕೆಂದರೆ, ಚಿತ್ರ ಈಗ ಚೆನ್ನಾಯಿತು ಎಂದೇ ಅನ್ನಿಸಿತ್ತು.

ಗೃಹಪ್ರವೇಶದ ಊಟಕ್ಕೆ ಇಬ್ಬರೂ ಹೋಗಿದ್ದೆವು. ಅವನು ಆ ಚಿತ್ರ ತೂಗುಹಾಕಿದ್ದ ಗೋಡೆಯ ಮುಂದೆ ಬಹಳ ಹೊತ್ತು ನಿಂತ.

"ಇದಕ್ಕೆ ಕಪ್ಪು ಹಾಕಿದ್ದು ಯಾರು?"

"ಈ ಮನೆ ಮಕ್ಕಳಿರಬೇಕು" ಎಂದೆ.

ಊಟ ಮಾಡದೆ ಹೊರಟುಹೋದ. ಆಮೇಲೆ ಭಾನುವಾರಗಳಲ್ಲಿ ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಹನ್ನೊಂದು ವರ್ಷ ಹಾಗೇ ಕಳೆಯಿತು. ವಯಸ್ಸಾಗಿ ನಾನು ಅಂಗಡಿಯನ್ನೂ ಮುಚ್ಚಿದೆ.

ಕಳೆದ ತಿಂಗಳು ಒಂದು ಭಾನುವಾರ ರೈಲು ಹತ್ತಿ ಕೆರೆಗೆ ಹೋದೆ. ಅದೇ ಜಾಗದಲ್ಲಿ ಕೂತಿದ್ದ, ಬೆನ್ನು ಮಾತ್ರ ಬಾಗಿತ್ತು.

"ಅವತ್ತು ಕಪ್ಪು ಹಾಕಿದ್ದು ನಾನು. ನಿನ್ನ ಹತ್ರ ಸುಳ್ಳು ಹೇಳಿದೆ" ಎಂದೆ.

ಅವನು ತಿರುಗಲಿಲ್ಲ. "ಅವತ್ತೇ ಗೊತ್ತಿತ್ತು. ನಿನ್ನ ಬೋರ್ಡಿನ ಗೆರೆ ನನಗೆ ಗೊತ್ತಾಗುದಿಲ್ವಾ? ಆದ್ರೆ ಮಕ್ಕಳ ಮೇಲೆ ಹಾಕಿದಿಯಲ್ಲ ಮಾರಾಯ, ಅದು..." ಮಾತು ಮುಗಿಸದೆ ಕುಂಚವನ್ನು ನೀಲಿಯಲ್ಲಿ ಅದ್ದಿದ. "ಕೂತ್ಕೋ. ಬಿಸಿಲು ತಿರುಗ್ತಾ ಉಂಟು."

ಕೊಡೆ ಹಿಡಿಯಲೇ ಎಂದು ಕೇಳಲು ಬಾಯಿ ತೆರೆದೆ. ಕೊಡೆಯನ್ನು ಒಂದು ಕಬ್ಬಿಣದ ಕೋಲಿಗೆ ಬಿಗಿದು ನೆಲದಲ್ಲಿ ಊರಿದ್ದ. ಅಲ್ಲೇ ಹುಲ್ಲಿನ ಮೇಲೆ ಕೂತೆ.